ಎಲ್ಲಿಗೆ ಹೊರಟ್ರಿ? ಸುಮ್ನೆ!

ನಮ್ಮೂರಲ್ಲಿ ನಲವತ್ತು ದಾಟಿದ ಗಂಡಸು ಬೆಳಗ್ಗೆ ಆರೂವರೆಗೆ ಸೈಕಲ್ ತುಳಿಯುತ್ತಾ ಹೋದರೆ ಜನ ಎರಡೇ ಕಾರಣ ಒಪ್ಪುತ್ತಾರೆ. ಒಂದು, ಬೈಕ್ ಕೆಟ್ಟಿದೆ. ಇನ್ನೊಂದು, ಶುಗರ್ ಬಂದಿದೆ.

ನನ್ನ ಬೈಕ್ ಚೆನ್ನಾಗಿದೆ. ಶುಗರ್ ಸದ್ಯಕ್ಕಿಲ್ಲ. ಆದರೆ ಯಾರೂ ನಂಬುವುದಿಲ್ಲ. ಹೋದ ವಾರ ಟೀ ಅಂಗಡಿ ಮುಂದೆ ಒಬ್ಬರು ನನ್ನನ್ನು ನಿಲ್ಲಿಸಿದರು. ಹತ್ತಿರ ಬಂದು, ದನಿ ತಗ್ಗಿಸಿ, ‘ಎಷ್ಟೈತೆ ಸಾ?’ ಅಂದರು. ಕಿಲೋಮೀಟರ್ ಕೇಳುತ್ತಿದ್ದಾರೆ ಅಂದುಕೊಂಡು ‘ಹದಿನೈದು’ ಅಂದೆ. ಅವರ ಮುಖ ಬಿಳುಚಿಕೊಂಡಿತು. ‘ಮೂರ್ ತಿಂಗಳ ಶುಗರ್ ಟೆಸ್ಟಲ್ಲಾ?’

ಸರಿ, ನಮಸ್ಕಾರ. ನಾನಿರುವುದು ಮಂಡ್ಯ ಜಿಲ್ಲೆಯ ಪಾಂಡವಪುರದ ಕಡೆ. ಸಕ್ಕರೆ ನಾಡು ಅಂತ ಹೆಸರು. ಇಲ್ಲಿ ಸೈಕಲ್ ತುಳಿದರೆ ಸಕ್ಕರೆ ಕಾಯಿಲೆ ಅಂತ ಹೆಸರು. ಇವತ್ತು ನಾನು ಮಾತಾಡಬೇಕು ಅಂದುಕೊಂಡಿರುವುದು ಆ ಸೈಕಲ್ ಬಗ್ಗೆಯೇ. ರೇಸ್ ಬಗ್ಗೆ ಅಲ್ಲ, ತೂಕ ಇಳಿಸುವ ಬಗ್ಗೆ ಅಲ್ಲ, ಪರಿಸರ ಉಳಿಸುವ ಬಗ್ಗೆಯೂ ಅಲ್ಲ. ಶಿವರಾತ್ರಿ ಕಳೆದ ಮೇಲೆ, ಯುಗಾದಿ ಹಿಂದೆಮುಂದೆ, ಊರಾಚೆ ನಾಲೆ ಏರಿ ಮೇಲೆ ಸುಮ್ನೆ ಸೈಕಲ್ ಹೊಡೆಯುವ ಬಗ್ಗೆ.

ಈ ‘ಸುಮ್ನೆ’ ಅನ್ನುವ ಮಾತೇ ನಮ್ಮಲ್ಲಿ ತಕರಾರು. ದಾರಿಯಲ್ಲಿ ಸಿಕ್ಕವರೆಲ್ಲ ‘ಯಾವ್ ಕಡೆ ಒಂಟ್ರಿ?’ ಅಂತ ಕೇಳುತ್ತಾರೆ. ಅದು ಪ್ರಶ್ನೆಯಲ್ಲ, ಒಂಥರಾ ನಮಸ್ಕಾರವೇ. ನನಗೂ ಗೊತ್ತು. ಆದರೆ ಆ ನಮಸ್ಕಾರಕ್ಕೆ ಒಂದು ಊರಿನ ಹೆಸರು ವಾಪಸ್ ಕೊಡಬೇಕು. ಕೆನ್ನಾಳು, ಚಿನಕುರಳಿ, ತೊಣ್ಣೂರು, ಏನೋ ಒಂದು. ‘ಸುಮ್ಕೆ’ ಅಂದರೆ ಎದುರಿಗಿರುವವರಿಗೆ ಸಮಾಧಾನ ಆಗುವುದಿಲ್ಲ. ‘ಸುಮ್ಕೆ ಅಂದ್ರೆ?’ ಅಂತಾರೆ. ಅದಕ್ಕೆ ಉತ್ತರ ಕೊಡಲು ನನಗೆ ಇಲ್ಲಿಯವರೆಗೆ ಆಗಿಲ್ಲ. ಅದಕ್ಕೇ ಈ ವಿಡಿಯೋ.

ಅವರ ತಪ್ಪೂ ಇಲ್ಲ, ಬಿಡಿ. ನಮ್ಮ ಕಡೆ ಸೈಕಲ್ ಅಂದರೆ ಕೆಲಸದ ವಸ್ತು. ಕ್ಯಾರಿಯರ್‌ಗೆ ಹುಲ್ಲಿನ ಹೊರೆ, ಹ್ಯಾಂಡಲ್‌ಗೆ ಹಾಲಿನ ಕ್ಯಾನು, ಸೀಟಿನ ಮೇಲೆ ರಾಗಿ ಮೂಟೆ ಮಲಗಿಸಿಕೊಂಡು ಪಕ್ಕದಲ್ಲಿ ತಳ್ಳಿಕೊಂಡು ಮಿಲ್‌ಗೆ. ನಮ್ಮಪ್ಪ ಇಪ್ಪತ್ತು ವರ್ಷ ಒಂದೇ ಸೈಕಲ್ ಇಟ್ಟಿದ್ದರು. ಅದರ ಮೇಲೆ ಸುಮ್ಮನೆ ಕೂತಿದ್ದನ್ನು ನಾನು ಒಂದು ದಿನವೂ ನೋಡಲಿಲ್ಲ. ಮೊಪೆಡ್ ಕೊಂಡ ದಿನ ಅದನ್ನು ಕೊಟ್ಟಿಗೆ ಗೋಡೆಗೆ ಒರಗಿಸಿದರು, ಅಷ್ಟೇ. ಕಷ್ಟಪಟ್ಟು ಸೈಕಲ್‌ನಿಂದ ಇಳಿದ ಮನೆಯಲ್ಲಿ ಮಗ ಬೇಕು ಬೇಕು ಅಂತ ಮತ್ತೆ ಹತ್ತಿದರೆ ಹಿರಿಯರಿಗೆ ಹೇಗನ್ನಿಸಬೇಡ?

ಆದರೂ ಹತ್ತುತ್ತೇನೆ. ಯಾಕೆಂದರೆ ಈ ಎರಡು ತಿಂಗಳು ಮತ್ತೆ ಸಿಗುವುದಿಲ್ಲ.

ಪಂಚಾಂಗದ ಪ್ರಕಾರ ವಸಂತ ಅಂದರೆ ಚೈತ್ರ, ವೈಶಾಖ. ಆ ಲೆಕ್ಕ ಬರೆದವರು ಮಂಡ್ಯದಲ್ಲಿ ಸೈಕಲ್ ತುಳಿದಿರಲಿಕ್ಕಿಲ್ಲ. ವೈಶಾಖದ ಹೊತ್ತಿಗೆ ಟಾರು ಮೆತ್ತಗಾಗಿರುತ್ತದೆ. ಸೈಕಲ್‌ನವರ ವಸಂತ ಇನ್ನೂ ಮುಂಚೆ ಬರುತ್ತದೆ. ಶಿವರಾತ್ರಿಗೆ ಚಳಿ ಶಿವಶಿವ ಅಂತ ಹೋಗುತ್ತದೆ ಅನ್ನುತ್ತಾರಲ್ಲ, ಅದರ ಮಾರನೇ ದಿನ ಶುರು. ಯುಗಾದಿ ದಾಟಿ ಎರಡು ಮೂರು ವಾರಕ್ಕೆ ಮುಗಿಯುತ್ತದೆ. ಅದರಲ್ಲೂ ಬೆಳಗ್ಗೆ ಎಂಟೂವರೆ ಒಳಗೆ, ಇಲ್ಲವೇ ಸಂಜೆ ಐದರ ಮೇಲೆ. ನಡುವಿನ ಹೊತ್ತು ಎಮ್ಮೆಗೂ ಬೇಡ. ಆಮೇಲೆ ಏಪ್ರಿಲ್ ಕೊನೆಗೆ ಭರಣಿ ಮಳೆ ಎರಡು ಹನಿ ಹಾಕಿತು ಅನ್ನಿ, ಇನ್ನೊಂದು ನಾಲ್ಕು ದಿನ ಬೋನಸ್. ಭರಣಿ ಬಂದರೆ ಧರಣಿಯೆಲ್ಲಾ ಬೆಳೆ ಅಂತ ರೈತರ ಮಾತು. ನನ್ನಂಥವನಿಗೆ ಭರಣಿ ಬಂದರೆ ದೂಳಿಲ್ಲದ ರಸ್ತೆ.

ದಾರಿ ವಿಷಯಕ್ಕೆ ಬರೋಣ. ನನಗೆ ಸೈಕಲ್‌ಗೆ ಅತಿ ಇಷ್ಟವಾದ ದಾರಿ ನಾಲೆ ಏರಿ. ಇದಕ್ಕೆ ಕಾರಣ ಇದೆ, ಸ್ವಲ್ಪ ಕೇಳಿ. ನಾಲೆಯ ನೀರಿಗೆ ಪಂಪ್ ಇಲ್ಲ, ಮೋಟಾರ್ ಇಲ್ಲ. ತನ್ನಷ್ಟಕ್ಕೆ ತಾನು ಹರಿಯಬೇಕು. ಅದಕ್ಕೆ ನಾಲೆ ತೋಡುವವರು ಗುಡ್ಡ ಬಂದರೆ ಹತ್ತಿಸುವುದಿಲ್ಲ, ಹಳ್ಳ ಬಂದರೆ ಇಳಿಸುವುದಿಲ್ಲ. ನೆಲದ ಮಟ್ಟ ಹಿಡಿದುಕೊಂಡು ಬಳಸಿ ಬಳಸಿ ಒಯ್ಯುತ್ತಾರೆ. ಕಣ್ಣಿಗೆ ಗೊತ್ತೇ ಆಗದಷ್ಟು ಇಳಿಜಾರು. ಅಂದ ಮೇಲೆ ಅದರ ಪಕ್ಕದ ದಾರಿಯೂ ಹಾಗೇ. ನೀರಿಗೆ ಏರು ಹತ್ತಲು ಆಗಲ್ಲ, ನನಗೂ ಆಗಲ್ಲ. ಇಬ್ಬರಿಗೂ ಒಂದೇ ದಾರಿ. ಗೇರ್ ಇಲ್ಲದ ಸೈಕಲ್‌ಗೆ ಇದಕ್ಕಿಂತ ಒಳ್ಳೆಯ ರಸ್ತೆಯನ್ನು ಯಾವ ಇಂಜಿನಿಯರೂ ಬೇಕು ಅಂತ ಮಾಡಿಕೊಡಲಾರ.

ನಮ್ಮ ಸುತ್ತ ಎರಡು ಥರದ ನಾಲೆಗಳಿವೆ. ಹಳೇ ಕಾಲದ್ದು ಚಿಕ್ಕದೇವರಾಯ ಸಾಗರ ನಾಲೆ. 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರ ಹೆಸರಿನದು. ಕೆಆರ್‌ಎಸ್ ಕಟ್ಟೆ ಕೆಲಸ ಶುರುವಾಗಿದ್ದು 1911ರಲ್ಲಿ. ಅಂದರೆ ಕಟ್ಟೆಗಿಂತ ಇನ್ನೂರು ವರ್ಷ ಹಿರಿಯದು ಈ ನಾಲೆ. ಇದು ಒಂದು ಕಡೆಯೂ ನೆಟ್ಟಗೆ ಹೋಗುವುದಿಲ್ಲ. ಅಜ್ಜಿ ಸಂತೆಗೆ ಹೋದ ಹಾಗೆ, ಎಲ್ಲರನ್ನೂ ಮಾತಾಡಿಸಿಕೊಂಡು ಹೋಗುತ್ತದೆ. ಇನ್ನೊಂದು ವಿಶ್ವೇಶ್ವರಯ್ಯ ನಾಲೆ, ನಾವೆಲ್ಲ ವಿಸಿ ನಾಲೆ ಅನ್ನುವುದು. ಮೊದಲು ಅದಕ್ಕೆ ವೈಸ್‌ರಾಯ್ ಇರ್ವಿನ್ ಹೆಸರಿತ್ತು. ಅದು ದೊಡ್ಡದು, ಗಂಭೀರ, ಹುಲಿಕೆರೆ ಹತ್ತಿರ ಗುಡ್ಡ ಅಡ್ಡ ಬಂದರೆ ಸುರಂಗ ಹೊಡೆದುಕೊಂಡೇ ನುಗ್ಗುತ್ತದೆ. ನನಗೆ ಹಳೇದೇ ಇಷ್ಟ.

ನೀರು ಬಿಟ್ಟಿದ್ದಾರೋ ಇಲ್ಲವೋ ಅನ್ನುವುದು ಈ ತಿಂಗಳುಗಳಲ್ಲಿ ಮೈಗೇ ಗೊತ್ತಾಗುತ್ತದೆ. ಬೇಸಿಗೆಯಲ್ಲಿ ನಮಗೆ ಕಟ್ಟು ಪದ್ಧತಿ. ಇಷ್ಟು ದಿನ ಬಿಡುವುದು, ಇಷ್ಟು ದಿನ ನಿಲ್ಲಿಸುವುದು. ನೀರು ಇರುವ ವಾರ ಏರಿ ಮೇಲೆ ತಣ್ಣನೆ ಗಾಳಿ, ತೂಬಿನ ಹತ್ತಿರ ಬಟ್ಟೆ ಒಗೆಯುವ ಸದ್ದು, ಎಮ್ಮೆಗಳ ಮೂಗು ಮಾತ್ರ ಮೇಲೆ. ಇಲ್ಲದ ವಾರ ಕೆಸರು ಬಿರುಕು ಬಿಟ್ಟು, ಕೊಕ್ಕರೆಗಳು ಮೀನಿನ ಲೆಕ್ಕ ಹಾಕುತ್ತಾ ನಿಂತಿರುತ್ತವೆ. ಕಬ್ಬಿನವರ ಮುಖವೂ ಹಾಗೇ. ಕಾವೇರಿ ವಿಷಯ ಕೋರ್ಟು, ಮಂಡಳಿ ಅಂತ ಟಿವಿಯಲ್ಲಿ ನೋಡುವುದು ಬೇರೆ. ಒಣಗಿದ ನಾಲೆ ಪಕ್ಕ ಸೈಕಲ್ ತಳ್ಳಿಕೊಂಡು ಹೋಗುವಾಗ ಗದ್ದೆ ಬದುವಿನಲ್ಲಿ ಕೂತವರು ‘ಯಾವಾಗ ಬುಡ್ತಾರಂತೆ?’ ಅಂತ ನನ್ನನ್ನೇ ಕೇಳುವುದು ಬೇರೆ. ನನಗೇನು ಗೊತ್ತು! ಆದರೂ ಪೇಪರ್ ಓದುವವನಂತೆ ಕಾಣುತ್ತೇನಲ್ಲ, ಕೇಳುತ್ತಾರೆ.

ಮರಗಳ ವಿಷಯ ಹೇಳದಿದ್ದರೆ ಹೇಗೆ? ಮೊದಲು ಮುತ್ತುಗ. ಫೆಬ್ರವರಿ ಕೊನೆಗೆ ಕುಂತಿ ಬೆಟ್ಟದ ಕಡೆ ಬಂಡೆಗಳ ನಡುವೆ ಒಂದೂ ಎಲೆಯಿಲ್ಲದ ಮರ ಪೂರ್ತಿ ಕೆಂಡ ಹೊತ್ತುಕೊಂಡು ನಿಂತಿರುತ್ತದೆ. ಬೈಕಿನಲ್ಲಿ ಹೋದರೆ ಅದು ಕೆಂಪು ಚುಕ್ಕಿ. ಸೈಕಲ್‌ನಲ್ಲಿ ಹೋದರೆ ಅದರೊಳಗೆ ಜಗಳವಾಡುವ ಗೊರವಂಕಗಳೂ ಕೇಳಿಸುತ್ತವೆ. ಅದೇ ಹೊತ್ತಿಗೆ ಹುಣಸೆ ಬಡಿಯುತ್ತಿರುತ್ತಾರೆ. ಉದ್ದ ಗಳದಲ್ಲಿ ಮೇಲಿಂದ ಬಡಿಯುವವರು, ಕೆಳಗೆ ಆರಿಸುವವರು. ಆ ಮರದ ಕೆಳಗೆ ಬೆಲ್ ಹೊಡೆಯದೆ ಹೋಗಬೇಡಿ. ನನ್ನ ತಲೆ ಮೇಲೆ ಬಿದ್ದಿದೆ.

ಆಮೇಲೆ ಹೊಂಗೆ. ಹೊಂಗೆ ಬಗ್ಗೆ ನನಗೆ ಪಕ್ಷಪಾತ ಇದೆ, ಮುಚ್ಚಿಡಲ್ಲ. ಮಾರ್ಚ್‌ನಲ್ಲಿ ಊರಿಗೆ ಊರೇ ಒಣಗಿ ನಿಂತಾಗ ಈ ಮರ ಹಳೇ ಎಲೆ ಉದುರಿಸಿ ಹೊಸದು ಹೊದೆಯುತ್ತದೆ. ಆ ಹಸಿರು ಎಂಥದ್ದು ಅಂದರೆ, ಎಣ್ಣೆ ಹಚ್ಚಿ ಒರೆಸಿದ ಹಾಗೆ. ಅದರ ಕೆಳಗೆ ಸೈಕಲ್ ನುಗ್ಗಿದ ಕೂಡಲೇ ಕುತ್ತಿಗೆ ಹಿಂದೆ ತಂಪು ತಗಲುತ್ತದೆ. ಹೊಂಗೆ ನೆರಳನ್ನು ತಾಯಿ ಮಡಿಲಿಗೆ ಸುಮ್ಮನೆ ಹೋಲಿಸಲಿಲ್ಲ ನಮ್ಮ ಹಿರಿಯರು. ಏಪ್ರಿಲ್‌ಗೆ ಹೂ. ಅದು ಮರದ ಮೇಲೆ ಅಷ್ಟು ಚೆಂದ ಕಾಣುವುದಿಲ್ಲ, ಬಿದ್ದ ಮೇಲೆಯೇ ಚೆಂದ. ರಸ್ತೆ ತುಂಬ ಕಡಲೆಪುರಿ ಚೆಲ್ಲಿದ ಹಾಗೆ. ಅದರ ಮೇಲೆ ಟೈರು ಹಾಯುವಾಗ ಒಂದು ಸಣ್ಣ ಸದ್ದು ಬರುತ್ತದೆ. ಈ ಮೈಕಿಗೆ ಅದನ್ನು ಹಿಡಿಯಲು ಮೂರು ಸಲ ಪ್ರಯತ್ನ ಪಟ್ಟೆ. ಪ್ರತಿ ಸಲವೂ ಹಿಂದಿನಿಂದ ಒಂದು ಟಿಲ್ಲರ್ ಬಂತು.

ಕೋಗಿಲೆ ಬಗ್ಗೆ ಎಲ್ಲರೂ ಹೇಳುತ್ತಾರೆ, ನಾನು ಒಂದೇ ಮಾತು ಹೇಳುತ್ತೇನೆ. ಹಾಗೆ ಗಂಟಲು ಹರಿದುಕೊಂಡು ಕೂಗುವುದು ಗಂಡು. ಹೆಣ್ಣು ಅಷ್ಟರಲ್ಲಿ ಕಾಗೆ ಗೂಡು ಹುಡುಕಿಕೊಂಡು ಕೆಲಸದಲ್ಲಿರುತ್ತದೆ. ಅದಕ್ಕಿಂತ ನನಗೆ ನೀಲಕಂಠ ಇಷ್ಟ. ನಮ್ಮ ರಾಜ್ಯದ ಹಕ್ಕಿ ಅದು. ಕರೆಂಟ್ ತಂತಿ ಮೇಲೆ ಕೂತಾಗ ಮಾಸಲು ಕಂದು, ಏನೂ ಇಲ್ಲ. ಹಾರಿದ ಕ್ಷಣ ರೆಕ್ಕೆಯಲ್ಲಿ ಅಷ್ಟು ನೀಲಿ ಎಲ್ಲಿಟ್ಟುಕೊಂಡಿತ್ತೋ! ಈ ಕಾಲದಲ್ಲಿ ಜೋಡಿ ಹುಡುಕುವಾಗ ಮೇಲೆ ಹೋಗಿ ಪಲ್ಟಿ ಹೊಡೆದುಕೊಂಡು ಕೆಳಗೆ ಬರುತ್ತದೆ. ಅದನ್ನು ನೋಡುತ್ತಾ ನಾನೊಮ್ಮೆ ಬದುವಿಗೆ ಇಳಿದಿದ್ದೇನೆ, ಸೈಕಲ್ ಸಮೇತ.

ಇನ್ನು ಆಲೆಮನೆ. ಕಣ್ಣು ಮುಚ್ಚಿಕೊಂಡು ಬಂದರೂ ನಮ್ಮೂರು ಅಂತ ಗೊತ್ತಾಗುವುದು ಆ ವಾಸನೆಯಿಂದ. ಹೊಗೆ, ಬಿಸಿ ಹಾಲು, ಸುಣ್ಣ, ಒಣಗಿದ ಸಿಪ್ಪೆ, ಎಲ್ಲ ಸೇರಿದ ಒಂದು ಗಮಲು ಅರ್ಧ ಕಿಲೋಮೀಟರ್ ಮುಂಚೆಯೇ ಬಂದು ಹ್ಯಾಂಡಲ್ ಹಿಡಿದು ಎಳೆಯುತ್ತದೆ. ಹಾಲು ಅಂದರೆ ಕಬ್ಬಿನ ಹಾಲು, ಹೊರಗಿನವರಿಗೆ ಹೇಳುತ್ತಿದ್ದೇನೆ. ಗಾಣದಿಂದ ಬಂದ ಹಾಲನ್ನು ಕೊಪ್ಪರಿಗೆಯಲ್ಲಿ ಕುದಿಸಿ, ಸುಣ್ಣ ಹಾಕಿ, ಮೇಲೆ ಬಂದ ಮಡ್ಡಿ ತೆಗೆದು, ಪಾಕ ಬಂದಾಗ ಇಳಿಸುತ್ತಾರೆ. ಹಿಂಡಿದ ಸಿಪ್ಪೆಯನ್ನೇ ಒಣಗಿಸಿ ಉರಿ ಹಾಕುವುದು. ಕೆಲವು ಕಡೆ ಹಳೇ ಟೈರು, ಪ್ಲಾಸ್ಟಿಕ್ ಕೂಡ ಹಾಕುತ್ತಾರೆ. ಅಂಥ ಕಡೆ ನಾನು ಉಸಿರು ಬಿಗಿಹಿಡಿದು ಪೆಡಲ್ ಹೊಡೆಯುತ್ತೇನೆ. ಒಳ್ಳೆಯ ಕಡೆ ನಿಲ್ಲಿಸುತ್ತೇನೆ. ಅಚ್ಚಿಗೆ ಸುರಿಯುವ ಮುಂಚೆ ಕಬ್ಬಿನ ತುಂಡಿಗೆ ಒಂದಿಷ್ಟು ಬಿಸಿ ಬೆಲ್ಲ ಸುತ್ತಿ ಕೊಡುತ್ತಾರೆ. ದುಡ್ಡು ಕೇಳುವುದಿಲ್ಲ. ಅಲ್ಲಿ ನಿಂತು ತಿನ್ನುವಾಗ ಯಾರಾದರೂ ಶುಗರ್ ಬಗ್ಗೆ ಕೇಳಿದರೆ ಏನು ಹೇಳುವುದು, ನೀವೇ ಹೇಳಿ.

ಈಗ ಇನ್ನೊಂದು ಕಡೆಯ ಜನರ ಬಗ್ಗೆ. ಊರಿನವರು ‘ಎಲ್ಲಿಗೆ?’ ಅಂತ ಕೇಳಿದರೆ, ಮೈಸೂರು ಬೆಂಗಳೂರಿನಲ್ಲಿರುವ ನನ್ನ ಸ್ನೇಹಿತರು ‘ಎಷ್ಟು?’ ಅಂತ ಕೇಳುತ್ತಾರೆ. ಎಷ್ಟು ಕಿಲೋಮೀಟರ್, ಎಷ್ಟು ಸ್ಪೀಡು, ಹಾರ್ಟ್ ರೇಟ್ ಎಷ್ಟು, ಸೈಕಲ್‌ಗೆ ಎಷ್ಟು ಕೊಟ್ಟೆ. ಒಬ್ಬ ಬಂದಿದ್ದ, ನಮ್ಮ ಜೊತೆ ಒಂದು ಬೆಳಗ್ಗೆ. ಒಳ್ಳೆಯ ಹುಡುಗ. ತೊಣ್ಣೂರು ಕೆರೆಗೆ ಕರೆದುಕೊಂಡು ಹೋದೆ. ರಾಮಾನುಜಾಚಾರ್ಯರ ಕಾಲದ್ದು ಅನ್ನುವ ಕೆರೆ, ಗುಡ್ಡಗಳ ನಡುವೆ ಕನ್ನಡಿ ಇಟ್ಟ ಹಾಗಿದೆ. 18ನೇ ಶತಮಾನದಲ್ಲಿ ಅದರ ತಿಳಿನೀರು ನೋಡಿ ಮೋತಿ ತಲಾಬ್, ಮುತ್ತಿನ ಕೆರೆ, ಅಂತ ಹೆಸರಿಟ್ಟರು. ಇವನು ಏರಿ ಮೇಲೆ ನಿಂತು ಕೈಗಡಿಯಾರ ನೋಡಿಕೊಂಡು, ‘ಛೆ, ನಿಂತಾಗ ವಾಚಲ್ಲಿ ಪಾಜ್ ಒತ್ತೋದು ಮರೆತೆ, ಆವರೇಜ್ ಸ್ಪೀಡ್ ಬಿದ್ದುಹೋಯ್ತು’ ಅಂದ. ಕೆರೆ ಅಲ್ಲೇ ಇತ್ತು, ಪಾಪ.

ರೇಸ್ ಓಡಿಸುವವರ ಮೇಲೆ ನನಗೆ ಗೌರವ ಇದೆ. ವಿಜಯಪುರ, ಬಾಗಲಕೋಟೆ ಕಡೆ ಮಕ್ಕಳು ಬಡತನದಲ್ಲೇ ಸೈಕಲ್ ತುಳಿದು ದೇಶಕ್ಕೆ ಪದಕ ತಂದಿದ್ದಾರೆ. ಅವರು ಲೆಕ್ಕ ಇಡಲೇಬೇಕು, ಅದು ಅವರ ಕೆಲಸ. ನಾವು ಯಾಕೆ ಇಡಬೇಕು? ದಿನವಿಡೀ ಲೆಕ್ಕದಲ್ಲೇ ಇರುತ್ತೇವೆ. ಕಂತು, ಫೀಸು, ಡೇಟಾ, ಕರೆಂಟ್ ಯೂನಿಟ್. ಒಂದು ಗಂಟೆಯಾದರೂ ಯಾರಿಗೂ ಬಿಲ್ ತೋರಿಸದೆ ಇರಬಾರದಾ? ನಾನು ಫೋನನ್ನು ಮನೆಯಲ್ಲೇ ಬಿಟ್ಟು ಹೋಗುತ್ತೇನೆ. ಹೆಂಡತಿಗೆ ಅದು ಇಷ್ಟ ಇಲ್ಲ. ಅವಳ ಮಾತಿನಲ್ಲೂ ನ್ಯಾಯ ಇದೆ. ಅದಕ್ಕೆ ಯಾವ ಕಡೆ ಹೋಗುತ್ತೇನೆ ಅಂತ ಅವಳಿಗೆ ಮಾತ್ರ ಹೇಳಿ ಹೋಗುತ್ತೇನೆ. ಊರಿಗೆ ಹೇಳದ ಉತ್ತರ ಮನೆಗೆ ಹೇಳಬೇಕಾಗುತ್ತದೆ.

ದೊಡ್ಡ ಸೈಕಲ್ ಬೇಕಾಗಿಲ್ಲ. ನನ್ನದು ಮಡ್‌ಗಾರ್ಡ್, ಕ್ಯಾರಿಯರ್, ಸ್ಟ್ಯಾಂಡ್ ಎಲ್ಲ ಇರುವ ಸಾದಾ ಸೈಕಲ್. ಆದರೆ ಜಾಲಿ ಮುಳ್ಳು ಅಂತ ಒಂದಿದೆ. ಈ ತಿಂಗಳುಗಳಲ್ಲಿ ಬೇಲಿ ಸವರಿ ರಸ್ತೆ ಬದಿಗೆ ಎಳೆದು ಹಾಕಿರುತ್ತಾರೆ. ಹೋದ ವರ್ಷ ಯುಗಾದಿ ಮುಂಚೆ, ಮನೆಯಿಂದ ಆರು ಕಿಲೋಮೀಟರ್ ದೂರದಲ್ಲಿ ಹಿಂದಿನ ಚಕ್ರ ಸುಸ್ ಅಂತು. ತಳ್ಳಿಕೊಂಡು ಹೋಗುತ್ತಿದ್ದಾಗ ಒಂದು ಊರಿನ ಅರಳಿಕಟ್ಟೆ ಪಕ್ಕ ಪಂಚರ್ ಹಾಕುವ ತಾತ ಸಿಕ್ಕರು. ಟ್ಯೂಬ್ ಬಿಚ್ಚಿ ನೀರಿನಲ್ಲಿ ಮುಳುಗಿಸಿದರೆ ಗುಳ್ಳೆ ಒಂದಲ್ಲ, ನಾಲ್ಕು ಕಡೆ. ಹಳೇ ಟ್ಯೂಬಿನ ತುಂಡು ಉಜ್ಜಿ, ಸೊಲ್ಯೂಷನ್ ಹಚ್ಚಿ, ಊದಿ, ಅಂಟಿಸುವಷ್ಟರಲ್ಲಿ ಮುಕ್ಕಾಲು ಗಂಟೆ. ಅಷ್ಟರಲ್ಲಿ ಆ ಊರಿನ ಹೊನ್ನಾರು ಯಾವ ದಿಕ್ಕಿಗೆ, ಯಾರ ಎತ್ತು ಮೊದಲು ಕಟ್ಟಬೇಕು, ಹೋದ ಸಲ ಯಾರು ಮುನಿಸಿಕೊಂಡರು, ಎಲ್ಲ ತಿಳಿಯಿತು. ಹಬ್ಬಕ್ಕೆ ಎತ್ತು ಸಿಂಗರಿಸಿ ವರ್ಷದ ಮೊದಲ ಆರು ಹೂಡುವ ಆ ಪದ್ಧತಿಗೆ ಈಗ ಎತ್ತಿಗಿಂತ ಟ್ರ್ಯಾಕ್ಟರೇ ಜಾಸ್ತಿ ಅಂತೆ. ಟ್ರ್ಯಾಕ್ಟರ್‌ಗೂ ಹೂವಿನ ಹಾರ ಹಾಕುತ್ತಾರೆ. ನನ್ನ ಸೈಕಲ್ ನೋಡಿ ತಾತ, ‘ಇದ್ನೂ ಕಟ್ಬೌದು ಬುಡಿ, ಒಂದ್ ಸಾಲ್ ಒಡಿಯೋಕೆ’ ಅಂದರು.

ಚೆಂದದ್ದೇ ಹೇಳಿ ಮುಗಿಸಿದರೆ ಅನ್ಯಾಯ ಆಗುತ್ತದೆ. ನಾಯಿಗಳು ಅಟ್ಟಿಸಿಕೊಂಡು ಬರುತ್ತವೆ. ಜೋರಾಗಿ ತುಳಿಯಬೇಡಿ, ಅದು ಅವಕ್ಕೆ ಆಟ. ಇಳಿದು ನಿಂತುಬಿಡಿ, ನಿಮಗೂ ನಾಯಿಗೂ ನಡುವೆ ಸೈಕಲ್ ಇರಲಿ. ಬಹಳ ಸಲ ಅವಕ್ಕೂ ಮುಂದೇನು ಮಾಡಬೇಕು ಅಂತ ಗೊತ್ತಿರಲ್ಲ. ರಸ್ತೆ ಮೇಲೆ ಹುರುಳಿ ಒಕ್ಕಣೆಗೆ ಹಾಕಿದ್ದರೆ ಇಳಿದು ತಳ್ಳಿ, ಕಾಳಿನ ಮೇಲೆ ಬ್ರೇಕ್ ಹಿಡಿಯಲ್ಲ, ಬಳ್ಳಿ ಚೈನಿಗೆ ಸುತ್ತಿಕೊಳ್ಳುತ್ತದೆ. ಎರಡು ಟ್ರೈಲರ್ ಕಟ್ಟಿಕೊಂಡು ಬರುವ ಕಬ್ಬಿನ ಟ್ರ್ಯಾಕ್ಟರ್ ಕಂಡರೆ ರಸ್ತೆ ಬಿಟ್ಟು ಕೆಳಗಿಳಿಯಿರಿ. ಹಿಂದಿನ ಟ್ರೈಲರ್ ಎತ್ತ ವಾಲುತ್ತದೆ ಅಂತ ಓಡಿಸುವವನಿಗೇ ಗೊತ್ತಿರುವುದಿಲ್ಲ. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ವಿಷಯ ಬೇಡ. 2023ರ ಆಗಸ್ಟ್‌ನಿಂದ ಅದರ ಮುಖ್ಯ ರಸ್ತೆಗೆ ಬೈಕು, ಆಟೋ, ಟ್ರ್ಯಾಕ್ಟರ್‌ಗೇ ಪ್ರವೇಶ ಇಲ್ಲ, ಸೈಕಲ್ ಯಾವ ಲೆಕ್ಕ? ಅದು ನಮ್ಮ ದಾರಿಯೇ ಅಲ್ಲ.

ಮತ್ತೆ ನಾಲೆ. ಮೇಲೆ ಅಷ್ಟು ಹೊಗಳಿದೆನಲ್ಲ, ಅದೇ ನಾಲೆ. 2018ರ ನವೆಂಬರ್ 24ರಂದು ಕನಗನಮರಡಿ ಹತ್ತಿರ ಖಾಸಗಿ ಬಸ್ಸೊಂದು ವಿಸಿ ನಾಲೆಗೆ ಉರುಳಿತು. 30 ಜನ ಹೋದರು, ಅವರಲ್ಲಿ ಶಾಲೆಯಿಂದ ಮನೆಗೆ ಹೊರಟ ಮಕ್ಕಳೂ ಇದ್ದರು. ನಮ್ಮ ತಾಲ್ಲೂಕಿನವರು ಆ ಮಧ್ಯಾಹ್ನ ಮರೆಯುವುದಿಲ್ಲ. ಇವತ್ತಿಗೂ ಎಷ್ಟೋ ಕಡೆ ರಸ್ತೆಗೂ ನೀರಿಗೂ ನಡುವೆ ತಡೆಗೋಡೆ ಇಲ್ಲ. ಸೈಕಲ್‌ನಲ್ಲಿ ಹೋಗುವಾಗ ಆ ಅಂಚು ಎಷ್ಟು ಹತ್ತಿರ ಅಂತ ಚೆನ್ನಾಗಿ ಕಾಣುತ್ತದೆ. ಆ ಜಾಗದಲ್ಲಿ ನಾನು ಇಳಿದು ನಡೆಯುತ್ತೇನೆ.

ಕೊನೆಗೆ ಒಂದು ವಿಷಯ. ಇದನ್ನು ನಾನೇ ತಡವಾಗಿ ಕಂಡುಕೊಂಡೆ. ನನ್ನನ್ನು ಜನ ‘ಎಲ್ಲಿಗೆ?’ ಅಂತ ಕೇಳಿದರೆ ನಾನು ‘ಸುಮ್ನೆ’ ಅಂದು ಬಚಾವಾಗುತ್ತೇನೆ. ಹೆಚ್ಚೆಂದರೆ ತಲೆ ಕೆಟ್ಟಿದೆ ಅಂತಾರೆ. ಹೆಂಗಸರಿಗೆ ಅಷ್ಟು ಸಲೀಸಲ್ಲ. 2006-07ರಲ್ಲಿ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿದಾಗ ನಮ್ಮ ರಸ್ತೆಗಳಲ್ಲಿ ಹುಡುಗಿಯರ ಸಾಲು ನೋಡುವುದೇ ಒಂದು ಸೊಗಸು. ಎರಡು ಜಡೆ, ಒಂದೇ ಬಣ್ಣದ ಸೈಕಲ್, ರಸ್ತೆ ಅಗಲಕ್ಕೂ ಹರಡಿಕೊಂಡು ಮಾತಾಡುತ್ತಾ ಹೋಗುತ್ತಿದ್ದರು. ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಅದೇ ಸೈಕಲ್ ತಮ್ಮನ ಪಾಲು, ಇಲ್ಲ ಅಟ್ಟದ ಪಾಲು. ಶಾಲೆ ಅನ್ನುವ ಕಾರಣ ಇರುವವರೆಗೆ ಮಾತ್ರ ಅವರು ಸೈಕಲ್ ತುಳಿಯಬಹುದಿತ್ತು. ಸಂಜೆ ಹೊತ್ತು ಹೊಂಗೆ ಹೂ ನೋಡಲು ಯಾರೂ ಕೊಟ್ಟಿರಲಿಲ್ಲ ಅದನ್ನ.

ನಮ್ಮಕ್ಕ ಚಿಕ್ಕಂದಿನಲ್ಲಿ ಅಪ್ಪನ ಸೈಕಲ್‌ನಲ್ಲೇ ಬಾರ್ ಕೆಳಗೆ ಕಾಲು ತೂರಿಸಿ ಕಲಿತವಳು. ಈಗ ಐವತ್ತರ ಹತ್ತಿರ. ಹೋದ ಶಿವರಾತ್ರಿ ಕಳೆದ ಮೇಲೆ ಒಂದು ದಿನ ‘ನಂಗೂ ಒಂದ್ ರೌಂಡ್ ಕೊಡೋ’ ಅಂದಳು. ಆಮೇಲೆ ಬಿಡಲೇ ಇಲ್ಲ. ಅವಳನ್ನು ಊರಿನವರು ‘ಎಲ್ಲಿಗೆ’ ಅಂತ ಕೇಳಲಿಲ್ಲ, ‘ಯಾಕವ್ವಾ?’ ಅಂತ ಕೇಳಿದರು. ಯಾಕವ್ವಾ, ಮನೇಲಿ ಗಂಡುಸ್ರು ಇಲ್ವಾ? ಯಾಕವ್ವಾ, ಭಾವನೋರ್ಗೆ ಉಸಾರಿಲ್ವಾ? ಎರಡು ದಿನ ಸಹಿಸಿಕೊಂಡಳು. ಮೂರನೇ ದಿನ ಹ್ಯಾಂಡಲ್‌ಗೆ ಒಂದು ಬಟ್ಟೆ ಬ್ಯಾಗ್ ನೇತುಹಾಕಿಕೊಂಡು ಹೊರಟಳು. ಯಾರು ಕೇಳಿದರೂ ‘ಸೊಪ್ಪಿಗೆ’ ಅನ್ನುವುದು. ಬ್ಯಾಗ್ ಖಾಲಿ ಹೋಗುತ್ತದೆ, ಖಾಲಿ ಬರುತ್ತದೆ. ಪ್ರಶ್ನೆ ನಿಂತುಹೋಯಿತು. ನಾಲೆ ಏರಿ ಮೇಲೆ ದಿನಾ ಸಂಜೆ ಅರ್ಧ ಗಂಟೆ, ಆರಾಮಾಗಿ.

ಮೊನ್ನೆ ನಗುತ್ತಾ ಮನೆಗೆ ಬಂದಳು. ದಾರಿಯಲ್ಲಿ ಒಬ್ಬ ಹೆಂಗಸು ಕೈ ಅಡ್ಡ ಹಿಡಿದು ಸೈಕಲ್ ನಿಲ್ಲಿಸಿ, ‘ದಂಟಿನ ಸೊಪ್ಪು ಕಂತೆ ಎಷ್ಟು?’ ಅಂದರಂತೆ.

‘ಏನಂದೆ?’ ಅಂದೆ.

‘ಇವತ್ತು ಎಲ್ಲಾ ಖಾಲಿ ಆಯ್ತು ಕಣಕ್ಕ, ನಾಳೆ ಬತ್ತೀನಿ ಅಂದೆ’ ಅಂದಳು.